ಟ್ರ್ಯಾಕ್ಟರ್‌ನ ಟೇಪು ಕೆಟ್ಟಾಗ

ಭದ್ರಾ ನಾಲೆ ನೀರುಣಿಸುವ ಚನ್ನಗಿರಿ, ಹೊನ್ನಾಳಿಯ ಗದ್ದೆಗಳಲ್ಲಾಗಲಿ, ಮಳೆಯನ್ನೇ ನೆಚ್ಚಿದ ಜಗಳೂರಿನ ಮೆಕ್ಕೆಜೋಳದ ಹೊಲಗಳಲ್ಲಾಗಲಿ, ಟ್ರ್ಯಾಕ್ಟರ್ ಕಾಣುವ ಮೊದಲೇ ಅದರ ಹಾಡು ಕೇಳುವುದುಂಟು. ಡೆಕ್ಕು, ಆಂಪ್ಲಿಫೈಯರು, ವೂಫರುಗಳೆಲ್ಲ ಬಹುಪಾಲು ಆಮೇಲೆ ಕೂಡಿಸಿದವು. ಹಾಡು ನಿಂತರೆ ಮೊದಲು ಬಿಚ್ಚುವುದು ಡೆಕ್ಕನ್ನೇ. ಆದರೆ ದೋಷ ಹೆಚ್ಚಾಗಿ ಇರುವುದು ಅದಕ್ಕೆ ಕರೆಂಟು ಹೋಗಿ ಬರುವ ದಾರಿಯಲ್ಲಿ.

ಬ್ಯಾಟರಿಯಿಂದ ಶುರು

ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ತಿರುಗಿಸಿ, ಎಂಜಿನ್ ಆಫ್ ಮಾಡಿ ಕೆಲವು ಗಂಟೆ ಬಿಟ್ಟು ನೋಡಿ. 12.6 ತೋರಿಸಿದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ; 12.2ಕ್ಕೆ ಬಂದರೆ ಸುಮಾರು ಅರ್ಧ. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಏರದಿದ್ದರೆ ಬೆಲ್ಟ್ ಸಡಿಲವಾಗಿದೆಯೇ ನೋಡಿ, ಆಮೇಲೆ ಆಲ್ಟರ್ನೇಟರ್. ಟರ್ಮಿನಲ್‌ಗೆ ಹಿಡಿದ ಬಿಳಿ-ಹಸಿರು ಬೂಸಲನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆಯಿರಿ, ಆದರೆ ಸೋಡಾ ಒಳಗೆ ಇಳಿಯಬಾರದು. ಬೀಡಿ ದೂರವಿರಲಿ, ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ.

ಅರ್ಥ್: ಕಾಣದ ಅರ್ಧ ದಾರಿ

ಪ್ಲಸ್ ವೈರು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಅದನ್ನೇ ಎಳೆದು ನೋಡುತ್ತಾರೆ. ಕರೆಂಟು ವಾಪಸಾಗುವುದು ಟ್ರ್ಯಾಕ್ಟರ್‌ನ ಮೈಯಿಂದಲೇ. ಬೋಲ್ಟಿನ ಕೆಳಗೆ ಪೇಂಟು, ತುಕ್ಕು, ಒಣಗಿದ ಕೆಸರು ಇದ್ದರೆ ಅರ್ಥ್ ಸಿಗುವುದಿಲ್ಲ, ಸಿಕ್ಕರೂ ಅರೆಬರೆ. ಆಗ ಡೆಕ್ಕು ತಾನಾಗಿ ಆಫ್ ಆಗಿ ಆನ್ ಆಗುತ್ತದೆ, ಹಾರ್ನ್ ಒತ್ತಿದರೆ ಹಾಡು ಕುಗ್ಗುತ್ತದೆ. ಪರೀಕ್ಷೆ ಸುಲಭ: ಡೆಕ್ಕನ್ನು ಜೋರಾಗಿ ಹಾಡಿಸಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಡೆಕ್ಕಿನ ಕಪ್ಪು ವೈರಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ ಇರಬೇಕು; ಅರ್ಧ ವೋಲ್ಟ್ ಕಂಡರೆ ಅರ್ಥ್ ಸೋತಿದೆ. ಪೇಂಟು ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ. ಕಪ್ಪು ವೈರನ್ನು ನೇರ ಬ್ಯಾಟರಿಗೇ ಎಳೆದರೆ ಇನ್ನೂ ಒಳ್ಳೆಯದು.

ಕೇಜ್ ವೀಲ್ ಹಾಕಿ ಗದ್ದೆಗಿಳಿದ ಟ್ರ್ಯಾಕ್ಟರ್‌ನ ಜಾಯಿಂಟುಗಳಿಗೆ ಕೆಸರುನೀರು ಹೊಕ್ಕು ತಾಮ್ರ ಹಸಿರಾಗುತ್ತದೆ. ಜಗಳೂರಿನಂಥ ಒಣ ಸೀಮೆಯಲ್ಲಿ ಶತ್ರು ಧೂಳು ಮತ್ತು ಅಲುಗಾಟ. ಜೋಳದ ರಾಶಿಯ ಪಕ್ಕ ನಿಲ್ಲಿಸಿದ್ದರೆ ಇಲಿ ವೈರು ಕಡಿಯುವುದು ಎಲ್ಲ ಕಡೆಯೂ ಒಂದೇ. ಬರೀ ತಿರುಚಿ ಟೇಪು ಸುತ್ತಿದ ಜಾಯಿಂಟು ಬಾಳುವುದಿಲ್ಲ, ಬೆಸುಗೆ ಹಾಕಿಸಿ.

ಹಳದಿ, ಕೆಂಪು

ಸಾಮಾನ್ಯ ಡೆಕ್ಕಿನಲ್ಲಿ ಹಳದಿ ವೈರು ಸದಾ ಬ್ಯಾಟರಿಗೆ, ಕೆಂಪು ಕೀಲಿಗೆ, ಕಪ್ಪು ಅರ್ಥ್‌ಗೆ. ಹಳದಿ, ಕೆಂಪು ಅದಲುಬದಲಾದರೆ ಕೀಲಿ ತಿರುಗಿಸಿದಾಗಲೆಲ್ಲ ಸೆಟ್ಟಿಂಗ್ ಅಳಿಸಿಹೋಗುತ್ತದೆ. ಎರಡನ್ನೂ ಬ್ಯಾಟರಿಗೇ ಕಟ್ಟಿದರೆ ಡೆಕ್ಕು ಕೀಲಿಯ ಮಾತು ಕೇಳದು. ಆಫ್ ಮಾಡಲು ಮರೆತ ರಾತ್ರಿ ಬ್ಯಾಟರಿ ಇಳಿಯುತ್ತದೆ, ಬೆಳಿಗ್ಗೆ ಸೆಲ್ಫು ತಿರುಗದು. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತುವವರಿದ್ದಾರೆ. ಡೀಸೆಲ್ ಪೈಪಿನ ಪಕ್ಕದಲ್ಲೇ ವೈರು ಹೋಗುತ್ತದೆ ಎಂಬುದನ್ನು ಅವರು ಒಮ್ಮೆ ನೋಡಬೇಕು.

ಕೊಯ್ ಎನ್ನುವ ಸದ್ದು, ಒಡಕು ದನಿ

ಆಕ್ಸಿಲರೇಟರ್ ಕೊಟ್ಟಂತೆ ಏರುವ ‘ಕೊಯ್’ ಸದ್ದು ಆಲ್ಟರ್ನೇಟರಿನದು. ಸಿಗ್ನಲ್ ವೈರನ್ನು ಪವರ್ ವೈರಿನಿಂದ ದೂರ ಎಳೆದು, ಡೆಕ್ಕು-ಆಂಪ್ಲಿಫೈಯರ್ ಎರಡಕ್ಕೂ ಒಂದೇ ಜಾಗದಲ್ಲಿ ಅರ್ಥ್ ಕೊಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ದನಿ ಒಡೆದರೆ ಸ್ಪೀಕರ್ ವೈರು ಕಳಚಿ, ಅದಕ್ಕೆ ಒಂದೂವರೆ ವೋಲ್ಟಿನ ಸೆಲ್ಲು ಕ್ಷಣ ಮುಟ್ಟಿಸಿ. ‘ಟಕ್’ ಎಂದರೆ ಕಾಯಿಲ್ ಕಡಿದಿಲ್ಲ. 4 ಓಮ್‌ನ ಎರಡು ಸ್ಪೀಕರ್ ಪ್ಯಾರಲಲ್ ಕಟ್ಟಿದರೆ 2 ಓಮ್ ಆಗುತ್ತದೆ. ಅದನ್ನು ತಾಳದ ಆಂಪ್ಲಿಫೈಯರ್ ಬಿಸಿಯಾಗಿ ನಿಲ್ಲುತ್ತದೆ.

ಮೆರವಣಿಗೆಯ ಲೆಕ್ಕ

ಗಣಪತಿ ಬಿಡುವ ರಾತ್ರಿ ಆಂಪ್ಲಿಫೈಯರ್ 300 ವಾಟ್ ನಿಜವಾಗಿ ಎಳೆದರೆ, 12 ವೋಲ್ಟಿಗೆ 25 ಆಂಪಿಯರ್. ಮೆರವಣಿಗೆಯಲ್ಲಿ ಎಂಜಿನ್ ಐಡಲ್‌ನಲ್ಲಿ ಗುರುಗುಟ್ಟುತ್ತದೆ, ಆಲ್ಟರ್ನೇಟರ್ ಪೂರಾ ಕೊಡುವುದಿಲ್ಲ, ಕೊರತೆ ಬ್ಯಾಟರಿಯ ಮೇಲೆ ಬೀಳುತ್ತದೆ. ಬೇಸ್ ಹೊಡೆದಾಗ ಹೆಡ್‌ಲೈಟ್ ಮಂಕಾದರೆ ಅದೇ ಸೂಚನೆ. ವೂಫರಿಗೆ ಬೇರೆ ಬ್ಯಾಟರಿ ಇಟ್ಟುಕೊಳ್ಳುವುದು ಸಲೀಸು. ಕಳಚುವಾಗ ಮೈನಸ್ ಮೊದಲು, ಕೂಡಿಸುವಾಗ ಮೈನಸ್ ಕೊನೆಗೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರು ಕಿತ್ತರೆ ಆಲ್ಟರ್ನೇಟರಿನ ಡಯೋಡು ಸುಡಬಹುದು.