ವಿಕ್ರೋಳಿಯ ರೈಲ್ವೆ ಗೇಟು ಮತ್ತು ಪಾದಚಾರಿಗಳ ಸುರಕ್ಷತೆ

ಮುಂಬಯಿಯ ಪೂರ್ವ ಉಪನಗರಗಳಲ್ಲಿ, ಮಧ್ಯ ರೈಲ್ವೆಯ ಮುಖ್ಯಮಾರ್ಗದ ಮೇಲೆ, ಘಾಟ್ಕೋಪರ್ ಮತ್ತು ಕಾಂಜುರ್‌ಮಾರ್ಗಗಳ ನಡುವೆ ಇರುವ ನಿಲ್ದಾಣ ವಿಕ್ರೋಳಿ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ, ಭಾರತದ ಪ್ರಥಮ ಪ್ರಯಾಣಿಕರ ರೈಲು ಹಾದುಹೋದದ್ದು ಈ ದಾರಿಯಲ್ಲಿಯೇ. ಆ ಕಾಲದಲ್ಲಿ ಹಳಿಯನ್ನು ದಾಟುವವರು ವಿರಳರಾಗಿದ್ದುದರಿಂದ ದಾಟುವಿಕೆಯು ಒಂದು ಸಮಸ್ಯೆಯೆನಿಸಿರಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ನಡುಭಾಗದಿಂದ ಪೂರ್ವದಲ್ಲಿ ಗೋದ್ರೇಜ್ ಕಾರ್ಖಾನೆಗಳೂ ಪಿರೋಜ್‌ಶಾನಗರವೂ, ತರುವಾಯ ಕನ್ನಮ್‌ವಾರ್ ನಗರ, ಟಾಗೋರ್ ನಗರಗಳೆಂಬ ವಸತಿಗಳೂ, ಪಶ್ಚಿಮದಲ್ಲಿ ಪಾರ್ಕ್‌ಸೈಟಿನ ಜನನಿಬಿಡ ಬಡಾವಣೆಗಳೂ ಬೆಳೆದು, ಒಂದೇ ಊರು ಹಳಿಯ ಇಬ್ಬದಿಗಳಲ್ಲಿ ಹಂಚಿಹೋಯಿತು. ಪ್ರತಿದಿನವೂ ಹಳಿ ದಾಟದೆ ಜೀವನ ಸಾಗದೆಂಬ ಸ್ಥಿತಿ ಹೀಗೆ ಉಂಟಾಯಿತು.

ಇಲ್ಲಿನ ಲೆವೆಲ್ ಕ್ರಾಸಿಂಗನ್ನು ರೈಲ್ವೆಯು ಕಾಲಾಂತರದಲ್ಲಿ ಮುಚ್ಚಿತು. ಗೇಟು ಮುಚ್ಚಿದೊಡನೆ ದಾಟುವಿಕೆಯೂ ನಿಲ್ಲುವುದೆಂಬ ಎಣಿಕೆ ಆಡಳಿತಕ್ಕೆ ಸಹಜವಾದುದೇ. ಆದರೆ ಪಾದಚಾರಿ ಸೇತುವೆಯ ಮೆಟ್ಟಿಲು ಹತ್ತಿ ಇಳಿಯುವ ಶ್ರಮಕ್ಕೂ ನೆಲದ ಮೇಲಿನ ನಾಲ್ಕು ಹೆಜ್ಜೆಗೂ ಇರುವ ಅಂತರವನ್ನು ತಲೆಯ ಮೇಲೆ ಹೊರೆ ಹೊತ್ತವರೂ ಲೋಕಲ್ ತಪ್ಪೀತೆಂದು ಧಾವಿಸುವವರೂ ಬೇರೆ ರೀತಿಯಲ್ಲಿ ಅಳೆಯುತ್ತಾರೆ. 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದ ಮೇರೆಗೆ ಹಳಿಯಲ್ಲಿ ಅಕ್ರಮವಾಗಿ ಸಂಚರಿಸುವುದು ಆರು ತಿಂಗಳವರೆಗಿನ ಸೆರೆವಾಸಕ್ಕೆ, ಸಾವಿರ ರೂಪಾಯಿಯವರೆಗಿನ ದಂಡಕ್ಕೆ ಅಥವಾ ಇವೆರಡಕ್ಕೂ ಅರ್ಹವಾದ ಅಪರಾಧ. ಆ ಭಯದಿಂದ ಯಾರೂ ಹಿಂಜರಿದಂತಿಲ್ಲ. ವಿಜ್ಞಾನಿ ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ರೈಲ್ವೆ ಸುರಕ್ಷತಾ ಸಮಿತಿಯು 2012ರಲ್ಲಿ ಸಲ್ಲಿಸಿದ ವರದಿಯಲ್ಲಿ, ದೇಶದಲ್ಲಿ ವರ್ಷಕ್ಕೆ ಸುಮಾರು 15,000 ಮಂದಿ ಹಳಿ ದಾಟುವಾಗ ಮಡಿಯುತ್ತಿರುವರೆಂದೂ, ಅವರಲ್ಲಿ ಸುಮಾರು 6,000 ಮಂದಿ ಮುಂಬಯಿಯ ಉಪನಗರ ಮಾರ್ಗದವರೆಂದೂ ಹೇಳಿ, ಇದನ್ನು ನರಮೇಧವೆಂದೇ ಕರೆಯಿತು.

ದಾಟುವವನು ಕುರುಡನೂ ಅಲ್ಲ, ಕಿವುಡನೂ ಅಲ್ಲ. ಆದರೂ ಏಕೆ ಸಿಲುಕುತ್ತಾನೆ? ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಷೆಲ್ ಲೀಬೊವಿಟ್ಸ್ 1985ರಲ್ಲಿ ಮಂಡಿಸಿದ ವಿಚಾರದಂತೆ, ಬೃಹದಾಕಾರದ ವಸ್ತುವು ನಿಜವೇಗಕ್ಕಿಂತ ನಿಧಾನವಾಗಿ ಬರುತ್ತಿರುವಂತೆ ಕಣ್ಣಿಗೆ ತೋರುತ್ತದೆ. ವಿಕ್ರೋಳಿಯಂತಹ ನಿಲ್ದಾಣದಲ್ಲಿ ಇನ್ನೊಂದು ತೊಡಕೂ ಉಂಟು: ಒಂದು ಹಳಿಯ ರೈಲು ಹಾದುಹೋಗುವುದನ್ನೇ ನೋಡುತ್ತ ನಿಂತವನಿಗೆ, ಅದರ ಮರೆಯಲ್ಲಿ ಪಕ್ಕದ ಹಳಿಯ ಮೇಲೆ ನಿಲ್ಲದೆ ಧಾವಿಸುವ ಫಾಸ್ಟ್ ಲೋಕಲ್ ಗೋಚರಿಸುವುದಿಲ್ಲ, ಅದರ ಸದ್ದೂ ಮೊದಲಿನದರಲ್ಲಿ ಮುಳುಗಿಹೋಗುತ್ತದೆ. ಇದರ ಮೇಲೆ ಮೊಬೈಲಿನ ಮಾತು, ಕಿವಿಗೆ ತುರುಕಿದ ಇಯರ್‌ಫೋನು! ಉತ್ತರ ಪ್ರದೇಶದ ಕುಶಿನಗರದಲ್ಲಿ 2018ರ ಏಪ್ರಿಲ್ 26ರಂದು ಕಾವಲಿಲ್ಲದ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ಸತ್ತಾಗ, ವ್ಯಾನಿನ ಚಾಲಕನು ಇಯರ್‌ಫೋನು ಧರಿಸಿದ್ದನೆಂಬ ಸಂಗತಿ ಹೊರಬಿದ್ದು ದೇಶವೇ ತಲ್ಲಣಿಸಿತು.

ದಂಡನೆಗಿಂತ ಇಂದ್ರಿಯಗಳ ಸ್ವಭಾವವನ್ನೇ ಆಧಾರವಾಗಿ ಹಿಡಿದ ಪ್ರಯತ್ನವು ಹಾರ್ಬರ್ ಮಾರ್ಗದ ವಡಾಲದಲ್ಲಿ, ಈ ಶತಮಾನದ ಮೊದಲ ದಶಕದ ಅಂತ್ಯಕ್ಕೆ, ಮಾನವ ವರ್ತನೆಯನ್ನು ಅಭ್ಯಸಿಸುವ ಫೈನಲ್‌ಮೈಲ್ ಎಂಬ ಸಂಸ್ಥೆಯ ಸಲಹೆಯಂತೆ ನಡೆಯಿತು. ಬರುವ ರೈಲಿನ ವೇಗವು ಕಣ್ಣಿಗೆ ಸ್ಪಷ್ಟವಾಗಲೆಂದು ಹಳಿಯ ಅಡ್ಡದಿಮ್ಮಿಗಳ ಗುಂಪುಗಳಿಗೆ ಹಳದಿ ಬಣ್ಣ ಬಳಿಯಲಾಯಿತು. ಒಂದೇ ದೀರ್ಘ ಸಿಳ್ಳಿಗೆ ಬದಲಾಗಿ ಎರಡು ಹ್ರಸ್ವ ಸಿಳ್ಳು ಹಾಕುವಂತೆ ಮೋಟರ್‌ಮನ್ನರಿಗೆ ಸೂಚನೆಯಾಯಿತು. ರೈಲಿನ ಕೆಳಗೆ ಸಿಲುಕಲಿರುವವನ ಭಯವಿಹ್ವಲ ಮುಖದ ಚಿತ್ರಗಳನ್ನು ದಾಟುವ ಸ್ಥಳದಲ್ಲಿಯೇ ನಿಲ್ಲಿಸಲಾಯಿತು. ಅಲ್ಲಿ ಸಾವುಗಳು ಗಣನೀಯವಾಗಿ ಇಳಿದುವು. ಅಕ್ಷರ ಬಾರದವನಿಗೂ ತತ್‌ಕ್ಷಣ ಅರ್ಥವಾಗುವ ಈ ಉಪಾಯಗಳು ನೂರು ಎಚ್ಚರಿಕೆಯ ಫಲಕಗಳಿಗಿಂತ ಮೇಲೆಂದು ಹೇಳಬಹುದು.

ವಿಕ್ರೋಳಿಯಲ್ಲಿಯಾದರೋ ಪರಿಹಾರವು ಸೇತುವೆಯ ರೂಪದಲ್ಲಿ, ಬಹು ವಿಳಂಬವಾಗಿ ಬಂದಿತು. ಪಶ್ಚಿಮದ ಲಾಲ್‌ಬಹಾದ್ದೂರ್ ಶಾಸ್ತ್ರಿ ಮಾರ್ಗವನ್ನು ಪೂರ್ವದ ಹೆದ್ದಾರಿಯ ಕಡೆಗೆ ಜೋಡಿಸುವ, 615 ಮೀಟರ್ ಉದ್ದ, 12 ಮೀಟರ್ ಅಗಲದ ಮೇಲ್ಸೇತುವೆಯು 2025ರ ಜೂನ್ 14ರಂದು ಸಂಚಾರಕ್ಕೆ ತೆರೆಯಿತು. ಅದಕ್ಕೆ ಮೊದಲು ವಾಹನಗಳು ಘಾಟ್ಕೋಪರ್ ಅಥವಾ ಕಾಂಜುರ್‌ಮಾರ್ಗವನ್ನು ಸುತ್ತಿ ಬರಬೇಕಾಗಿತ್ತು. ವಾಹನಗಳ ಸಂಕಟವನ್ನು ಈ ಸೇತುವೆ ಬಹುಮಟ್ಟಿಗೆ ನೀಗಿಸಿದೆ. ಪಾದಚಾರಿಯ ಸಂಕಟವು ಮಾತ್ರ, ಹಳಿಬದಿಯ ಗೋಡೆಯಲ್ಲಿ ನುಸುಳಲು ಒಂದು ಕಿಂಡಿ ಉಳಿದಿರುವ ತನಕವೂ, ಮೆಟ್ಟಿಲು ಹತ್ತಲಾರದ ಮುದುಕರಿಗೆ ಬೇರೆ ದಾರಿ ದೊರೆಯದಿರುವ ತನಕವೂ, ನೀಗಿತೆಂದು ಹೇಳಲಾಗದು.