‘ಈಗೋರನ ದಂಡಯಾತ್ರೆಯ ಕಥನ’: ಕಾಲ ಮತ್ತು ಕರ್ತೃತ್ವ

ಮೂಲ ಹಸ್ತಪ್ರತಿಯೇ ನಾಶವಾಗಿರುವ ಕೃತಿಯೊಂದರ ಕಾಲವನ್ನು ನಿರ್ಣಯಿಸುವುದು ಹೇಗೆ? ಪ್ರಾಚೀನ ರಷ್ಯನ್ ಸಾಹಿತ್ಯದ ‘ಈಗೋರನ ದಂಡಯಾತ್ರೆಯ ಕಥನ’ವು ಎರಡು ಶತಮಾನಗಳಿಂದ ವಿದ್ವಾಂಸರ ಮುಂದಿರಿಸಿರುವ ಪ್ರಶ್ನೆಯಿದು.

ಕೃತಿಯ ವಸ್ತು 1185ರ ಐತಿಹಾಸಿಕ ಘಟನೆ. ನೊವ್ಗೊರೊದ್-ಸೆವೆರ್ಸ್ಕಿಯ ಅರಸು ಈಗೋರನು ಪೊಲೊವ್ತ್ಸಿ ಎಂಬ ಅಲೆಮಾರಿ ಜನಾಂಗದ ಮೇಲೆ ದಂಡೆತ್ತಿ ಹೋಗಿ, ಸೋತು ಸೆರೆಯಾಗಿ, ಕೊನೆಗೆ ತಪ್ಪಿಸಿಕೊಂಡು ಬಂದನು. ಕವಿ ತನ್ನ ಹೆಸರನ್ನು ಹೇಳಿಲ್ಲ. ಆದರೆ 1187ರಲ್ಲಿ ಮರಣಹೊಂದಿದ ಗಾಲಿಚ್‌ನ ಯಾರೊಸ್ಲಾವನನ್ನು ಜೀವಂತನೆಂಬಂತೆಯೇ ಸಂಬೋಧಿಸುತ್ತಾನೆ. ಕೃತಿಯು ಅದಕ್ಕೂ ಮುನ್ನ ರಚಿತವಾಯಿತೆಂಬ ವಾದಕ್ಕೆ ಇದೊಂದು ಮುಖ್ಯ ಆಧಾರ.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮುಸಿನ್-ಪುಷ್ಕಿನ್ ಎಂಬ ಸಂಗ್ರಾಹಕನಿಗೆ ದೊರೆತ ಏಕೈಕ ಹಸ್ತಪ್ರತಿಯನ್ನು ಆಧರಿಸಿ ಕೃತಿಯು 1800ರಲ್ಲಿ ಅಚ್ಚಾಯಿತು. 1812ರ ಮಾಸ್ಕೋ ಅಗ್ನಿದುರಂತದಲ್ಲಿ ಆ ಪ್ರತಿ ಸುಟ್ಟುಹೋಯಿತು. ಮುದ್ರಿತ ಪಾಠದೊಂದಿಗೆ, ಎರಡನೆಯ ಕ್ಯಾಥರೀನಳಿಗಾಗಿ ಮಾಡಿಸಿದ್ದ ನಕಲೊಂದು ಉಳಿದಿದೆ. ಸಂಶಯ ಬೆಳೆದುದು ಸಹಜವೇ.

1380ರ ಕುಲಿಕೊವೊ ಯುದ್ಧವನ್ನು ವರ್ಣಿಸುವ ‘ಜಾದೊನ್‌ಶ್ಚಿನಾ’ ಹತ್ತೊಂಬತ್ತನೆಯ ಶತಮಾನದ ನಡುವೆ ಬೆಳಕಿಗೆ ಬಂದಾಗ ವಿವಾದ ಇನ್ನೊಂದು ರೂಪ ತಾಳಿತು. ಎರಡೂ ಕೃತಿಗಳಲ್ಲಿ ಸಮಾನ ನುಡಿಗಟ್ಟುಗಳು ಹೇರಳ. ಹಾಗಾದರೆ ಯಾವುದು ಯಾವುದರಿಂದ ಎರವಲು ಪಡೆದಿದೆ? ‘ಜಾದೊನ್‌ಶ್ಚಿನಾ’ವೇ ಮೂಲ, ‘ಕಥನ’ ಹದಿನೆಂಟನೆಯ ಶತಮಾನದ ಅನುಕರಣೆ ಎಂದು ಫ್ರೆಂಚ್ ವಿದ್ವಾಂಸ ಆಂದ್ರೆ ಮಾಜೋಂ ವಾದಿಸಿದರು. ರೋಮನ್ ಯಾಕಬ್ಸನ್ ಅದನ್ನು ಖಂಡಿಸಿದರು. 1963ರಲ್ಲಿ ಇತಿಹಾಸಕಾರ ಜಿಮಿನ್ ಅವರು ಪಾದ್ರಿ ಇಒಯಿಲ್ ಬಿಕೊವ್ಸ್ಕಿಯೇ ಕರ್ತೃವೆಂದು ಮಂಡಿಸಿದಾಗ, ಸೋವಿಯತ್ ವಿದ್ವದ್ವಲಯ ಮುಚ್ಚಿದ ಬಾಗಿಲ ಹಿಂದೆ ಚರ್ಚಿಸಿತು. ಅವರ ಗ್ರಂಥ ಪೂರ್ಣರೂಪದಲ್ಲಿ ಪ್ರಕಟವಾದುದು ಮರಣಾನಂತರ, 2006ರಲ್ಲಿ. 2003ರಲ್ಲಿ ಎಡ್ವರ್ಡ್ ಕೀನನ್ ಚೆಕ್ ವಿದ್ವಾಂಸ ಡೊಬ್ರೊವ್ಸ್ಕಿಯತ್ತ ಬೆರಳು ಮಾಡಿದರು.

ಸಂಶಯವನ್ನು ಅದುಮಿದರೆ ಅದು ಪರಿಹಾರವಾಗದು. ಅದಕ್ಕೆ ಉತ್ತರ ಬೇಕು. ಆ ಉತ್ತರವನ್ನು 2004ರಲ್ಲಿ ಒದಗಿಸಿದವರು ಭಾಷಾವಿಜ್ಞಾನಿ ಜಲಿಜ್ನ್ಯಾಕ್. ಪ್ರಾಚೀನ ರಷ್ಯನ್‌ನಲ್ಲಿ ಆತ್ಮಾರ್ಥಕ ‘ಸ್ಯಾ’ ಮೊದಲಾದ ಕಿರುಪದಗಳು ಕ್ರಿಯಾಪದದಿಂದ ಬೇರ್ಪಟ್ಟು, ವಾಕ್ಯದಲ್ಲಿ ನಿಯತ ಸ್ಥಾನದಲ್ಲಿ ನಿಲ್ಲುತ್ತಿದ್ದವು. ಕಾಲಕ್ರಮದಲ್ಲಿ ‘ಸ್ಯಾ’ ಕ್ರಿಯಾಪದಕ್ಕೇ ಅಂಟಿಕೊಂಡಿತು. ‘ಕಥನ’ವು ಹಳೆಯ ನಿಯಮಕ್ಕೆ ಹೊಂದುತ್ತದೆ. ಆ ನಿಯಮಗಳಿಗೆ ಪುಷ್ಟಿ ನೀಡಿದ ನೊವ್ಗೊರೊದ್‌ನ ಬರ್ಚ್ ತೊಗಟೆಯ ಪತ್ರಗಳು ದೊರೆಯತೊಡಗಿದ್ದು 1951ರಲ್ಲಿ. ಇಂತಹ ಸೂಕ್ಷ್ಮಗಳನ್ನು ಹದಿನೆಂಟನೆಯ ಶತಮಾನದ ಕೃತಕಕಾರನು ಕೃತಿಯುದ್ದಕ್ಕೂ ಪಾಲಿಸಿದನೆಂದು ನಂಬುವುದು ಕಷ್ಟ. ‘ಕಥನ’ದ ಒಂದು ವಾಕ್ಯದ ಛಾಯೆ 1307ರ ಪ್ಸ್ಕೊವ್ ಹಸ್ತಪ್ರತಿಯೊಂದರ ಅಂತ್ಯಬರಹದಲ್ಲಿಯೂ ಇದೆ, ಅದು ಕುಲಿಕೊವೊ ಯುದ್ಧಕ್ಕಿಂತ ಹಿಂದಿನದು.

ಇಲ್ಲಿ ಕಾಲದ ಪ್ರಶ್ನೆಯನ್ನೂ ಕರ್ತೃವಿನ ಪ್ರಶ್ನೆಯನ್ನೂ ಬೇರ್ಪಡಿಸಬೇಕು. ಪ್ರಾಚೀನತೆಯ ಪಕ್ಷವೇ ಇಂದು ಬಲವಾದುದು. ಕವಿಯೆಂದು ಸೂಚಿಸಲಾದ ಹೆಸರುಗಳು ಹಲವು. ಈಗೋರನ ಹೆಸರೂ ಅವುಗಳಲ್ಲಿ ಸೇರಿದೆ. ಯಾವುದೂ ಸಿದ್ಧವಾಗಿಲ್ಲ. ಕೃತಿಯ ಕಾಲವನ್ನು ಅದರ ಭಾಷೆ ಹೇಳಿತು. ಕವಿಯ ಹೆಸರನ್ನು ಹೇಳಲು ಭಾಷೆಯೊಂದೇ ಸಾಲದು.