ವಾರಸುದಾರರಿಲ್ಲದ ನಾದ

‘ಬೇವಾರ್ಸಿ’ ಎಂಬ ಪದ ಕನ್ನಡದಲ್ಲಿ ಬೈಗುಳವಾಗಿ ಚಾಲ್ತಿಯಲ್ಲಿದೆ. ಅದರ ಮೂಲಾರ್ಥ ಮಾತ್ರ ಬೈಗುಳವಲ್ಲ. ‘ವಾರಿಸ್’ ಎಂದರೆ ಅರಬಿಯಲ್ಲಿ ಉತ್ತರಾಧಿಕಾರಿ. ಅದಕ್ಕೆ ‘ಇಲ್ಲದ’ ಎಂಬರ್ಥದ ಪಾರಸಿಯ ‘ಬೇ’ ಸೇರಿದಾಗ ವಾರಸುದಾರರಿಲ್ಲದವನು ಎಂದಾಗುತ್ತದೆ. ಕಂದಾಯ ಕಚೇರಿಯ ಕಾಗದಪತ್ರಗಳಲ್ಲಿ ಗಂಭೀರವಾಗಿದ್ದ ಮಾತು ಬೀದಿಗೆ ಬಂದು ಬೈಗುಳವಾಯಿತು. ಬೆಂಗಳೂರಿನ ಕೆಲವು ಯುವಕರು 2010ರಲ್ಲಿ ಒಂದು ಹೆವಿ ಮೆಟಲ್ ತಂಡ ಕಟ್ಟಿದಾಗ ಇದೇ ಪದವನ್ನು ಇಂಗ್ಲಿಷಿನಂತೆ ತಿರುಚಿ ‘ಬೇವರ್ ಸೀ’ ಎಂದು ಹೆಸರಿಟ್ಟುಕೊಂಡರು. ಕೇಳಿದರೆ ಯಾವುದೋ ಸಮುದ್ರದ ಹೆಸರಿನಂತಿದೆ. ಕನ್ನಡ ಬಲ್ಲವರಿಗೆ ಮಾತ್ರ ಅದರ ತಮಾಷೆ ತಿಳಿಯುತ್ತದೆ. ಆ ತಮಾಷೆಯೊಳಗೆ ಒಂದು ಸತ್ಯವೂ ಇದೆ. ನಮ್ಮ ನಾಡಿನಲ್ಲಿ ಹೆವಿ ಮೆಟಲ್ ಸಂಗೀತಗಾರನಿಗೆ ಗುರುಪರಂಪರೆಯಿಲ್ಲ, ಘರಾಣೆಯಿಲ್ಲ, ಆಸ್ಥಾನವಿಲ್ಲ, ಅಕಾಡೆಮಿಯಿಲ್ಲ. ಅವನು ನಿಜಾರ್ಥದಲ್ಲಿ ಬೇವಾರ್ಸಿ.

ಈ ಸಂಗೀತ ಹುಟ್ಟಿದ್ದು ಕಾರ್ಖಾನೆಯ ನೆರಳಿನಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಟೋನಿ ಅಯೋಮಿ ಎಂಬ ಹದಿನೇಳರ ಹುಡುಗ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಎರಡು ಬೆರಳುಗಳ ತುದಿ ತುಂಡಾದವು. ಅವನು ಎಡಗೈಯಲ್ಲಿ ತಂತಿ ಮೀಟುವವನಾದ್ದರಿಂದ ಸ್ವರ ಒತ್ತುವ ಬೆರಳುಗಳೇ ಹೋದಂತಾಯಿತು. ಕಾರ್ಖಾನೆಯ ಮೇಲಧಿಕಾರಿಯೊಬ್ಬರು ಅವನಿಗೆ ಜಾಂಗೋ ರೈನ್‌ಹಾರ್ಟ್ ಎಂಬ ಕಲಾವಿದನ ಧ್ವನಿಮುದ್ರಿಕೆ ಕೇಳಿಸಿದರು. ಆ ಕಲಾವಿದ ಬೆಂಕಿ ಅನಾಹುತದಲ್ಲಿ ಎರಡು ಬೆರಳುಗಳ ಬಲ ಕಳೆದುಕೊಂಡೂ ಗಿಟಾರ್ ನುಡಿಸಿ ಜಗದ್ವಿಖ್ಯಾತನಾಗಿದ್ದ. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡ, ಅದರ ಮೇಲೆ ತೊಗಲು ಅಂಟಿಸಿದ, ತೆಳುವಾದ ತಂತಿ ಹಾಕಿದ. ಮುಂದೆ ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಹಾಗೆ ಹೊರಟ ಆ ಭಾರವಾದ, ಮಂದ್ರದ ನಾದವೇ ಹೊಸ ಪ್ರಕಾರದ ಬುನಾದಿಯಾಯಿತು. ಅವನಿದ್ದ ಬ್ಲ್ಯಾಕ್ ಸಬ್ಬಾತ್ ತಂಡದ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರವರಿಯಲ್ಲಿ. ಅದೇ ತಂಡ 2025ರ ಜುಲೈ 5ರಂದು ತನ್ನೂರಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೊನೆಯ ಕಛೇರಿ ನೀಡಿತು. ಹದಿನೇಳು ದಿನಗಳ ನಂತರ ಅದರ ಗಾಯಕ ಆಝಿ ಆಸ್ಬರ್ನ್ ತೀರಿಕೊಂಡರು.

ಹಾಗಾದರೆ ಇದು ಪೂರ್ತಿ ಪರಕೀಯವೇ? ವಾದ್ಯಗಳ ಚರಿತ್ರೆ ಹಾಗೆ ಹೇಳುವುದಿಲ್ಲ. ಗಿಟಾರಿನ ಹತ್ತಿರದ ಬಂಧುವಾದ ಲ್ಯೂಟ್‌ನ ಹೆಸರು ಅರಬಿಯ ‘ಅಲ್ ಊದ್’ನಿಂದ ಬಂದದ್ದು. ಕ್ರಿ.ಶ. 822ರಲ್ಲಿ ಸ್ಪೇನಿನ ಕೊರ್ದೋಬಾಕ್ಕೆ ಬಂದ ಝಿರ್ಯಾಬ್ ಎಂಬ ಸಂಗೀತಗಾರ ಊದ್‌ಗೆ ಐದನೆಯ ತಂತಿ ಸೇರಿಸಿದನೆಂದು ಪ್ರತೀತಿ. ಅವನು ಬೆಳೆದದ್ದು ಬಗ್ದಾದಿನಲ್ಲಿ. ವಾದ್ಯಗಳು ಹೀಗೆ ಊರು ಬಿಟ್ಟು ಊರು ಅಲೆಯುತ್ತಲೇ ಬಂದಿವೆ. ಯುರೋಪಿನ ಪಿಟೀಲು ಇಂದು ಕರ್ನಾಟಕ ಸಂಗೀತದ ಮನೆಮಗನಾಗಿದೆ. 1940ರಲ್ಲಿ ಹಾರ್ಮೋನಿಯಂಗೆ ಆಕಾಶವಾಣಿಯಲ್ಲಿ ಬಹಿಷ್ಕಾರ ಬಿತ್ತು. ಮೂವತ್ತು ವರ್ಷ ಕಳೆದ ಮೇಲೆ ಅದೇ ಆಕಾಶವಾಣಿ ಬಾಗಿಲು ತೆರೆಯಿತು. ಇಂದಿನ ಅಪಸ್ವರ ನಾಳಿನ ಸಂಪ್ರದಾಯವಾಗುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಪಾಶ್ಚಾತ್ಯ ಸಂಗೀತಕ್ಕೆ ನಮ್ಮ ನಾಡು ಆಶ್ರಯ ಕೊಡಲೇ ಇಲ್ಲವೆಂದೂ ಅಲ್ಲ. ಮೈಸೂರಿನ ಜಯಚಾಮರಾಜ ಒಡೆಯರು 1940ರ ದಶಕದ ಕೊನೆಯಲ್ಲಿ, ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್‌ನ ಕೃತಿಗಳು ಧ್ವನಿಮುದ್ರಣಗೊಳ್ಳಲು ಹಣ ಕೊಟ್ಟರು. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಅದಕ್ಕೂ ಮೊದಲು ಉಸ್ತಾದ್ ಅಬ್ದುಲ್ ಕರೀಂ ಖಾನರಂಥವರಿಗೆ ಅದೇ ಅರಮನೆಯಲ್ಲಿ ಮನ್ನಣೆ ಸಿಕ್ಕಿತ್ತು. ಆದರೆ ಹೆವಿ ಮೆಟಲ್ ನಮ್ಮಲ್ಲಿ ಬೇರೂರುವ ಹೊತ್ತಿಗೆ ಅರಸರೂ ಇರಲಿಲ್ಲ, ಅವರ ಸ್ಥಾನದಲ್ಲಿ ಕೂತ ಸರಕಾರಕ್ಕೆ ಇದು ಸಂಗೀತವೆಂದು ತೋರಲೂ ಇಲ್ಲ.

ಬೆಂಗಳೂರಿನಲ್ಲಿ 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಸೇರಿ ‘ಕ್ರಿಪ್ಟೋಸ್’ ತಂಡ ಕಟ್ಟಿದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿಗೆ ‘ಗುಪ್ತ’ ಎಂದರ್ಥ. ಹೆಸರಿಗೆ ತಕ್ಕಂತೆ ಈ ನಾಡಿನ ಬಹುಪಾಲು ಜನರಿಗೆ ಅದು ಗುಪ್ತವಾಗಿಯೇ ಉಳಿಯಿತು. ಮೊದಲ ಆಲ್ಬಂ ‘ಸ್ಪೈರಲ್ ಅಸೆಂಟ್’ ಹೊರಬರಲು ಆರು ವರ್ಷ ಬೇಕಾಯಿತು. 2008ರಲ್ಲಿ ಎರಡನೆಯದು ಬಂತು. ಆ ನಂತರ ಗಣೇಶ್ ತಂಡ ಬಿಟ್ಟರು. ಮೇಲೆ ಹೇಳಿದ ‘ಬೇವರ್ ಸೀ’ಯ ಗಾಯಕರು ಅವರೇ. ನೋಲನ್ ನಿಲ್ಲಿಸಲಿಲ್ಲ. ಗಿಟಾರ್ ವಾದಕ ರೋಹಿತ್ ಚತುರ್ವೇದಿ ಜೊತೆಯಾದರು. 2010ರಲ್ಲಿ ತಂಡ ಯುರೋಪ್ ಪ್ರವಾಸ ಕೈಗೊಂಡಿತು. 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ನಡೆಯುವ ಜಗತ್ಪ್ರಸಿದ್ಧ ಮೆಟಲ್ ಜಾತ್ರೆಯಲ್ಲಿ ನುಡಿಸಿತು. ಜರ್ಮನಿಯದೇ ಎ.ಎಫ್.ಎಂ. ಕಂಪೆನಿ ಅವರ ಆಲ್ಬಂಗಳನ್ನು ಹೊರತಂದಿತು. 2016, 2019, 2021, 2024 ಹೀಗೆ ಎರಡು-ಮೂರು ವರ್ಷಕ್ಕೊಂದರಂತೆ ಆಲ್ಬಂಗಳು ಬರುತ್ತಲೇ ಹೋದವು. ವಾದಕರು ಬದಲಾದರು, ಶೈಲಿ ಬದಲಾಗಲಿಲ್ಲ. ಎರಡು ಗಿಟಾರ್‌ಗಳು ಜುಗಲ್‌ಬಂದಿಯಂತೆ ಜೊತೆಜೊತೆಗೆ ಸಾಗುವ 1980ರ ದಶಕದ ಹಳೆಯ ಚೌಕಟ್ಟನ್ನೇ ಅವರು ಹಿಡಿದುಕೊಂಡರು.

ಕಾಲು ಶತಮಾನಕ್ಕೂ ಮಿಕ್ಕಿದ ಈ ದುಡಿಮೆಗೆ ದೂರದ ಜರ್ಮನಿಯಲ್ಲಿ ಪ್ರಕಾಶಕರು ಸಿಕ್ಕರು, ಜಾತ್ರೆ ಸಿಕ್ಕಿತು. ತವರಿನಲ್ಲಿ ಸಿಕ್ಕಿದ್ದೇನು? 2007ರ ಮಾರ್ಚ್ 17ರಂದು ಇಂಗ್ಲೆಂಡಿನ ‘ಐರನ್ ಮೇಡನ್’ ತಂಡ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂತು. ಅದೇ ತಿಂಗಳು ಆ ತಂಡ ದುಬೈಯ ಮರುಭೂಮಿ ರಾಕ್ ಉತ್ಸವದಲ್ಲೂ ನುಡಿಸಿತ್ತು. ದೇಶದ ನಾನಾ ಮೂಲೆಗಳಿಂದ ಹುಡುಗರು ರೈಲು ಹತ್ತಿ ಬೆಂಗಳೂರಿಗೆ ಬಂದರು. 2011ರ ಅಕ್ಟೋಬರ್ 30ರಂದು ಅಮೆರಿಕದ ‘ಮೆಟಾಲಿಕಾ’ ಅದೇ ಮೈದಾನದಲ್ಲಿ ನುಡಿಸಿತು. ಅರಮನೆಯ ಹೆಸರಿನ ಆ ಬಯಲಿನಲ್ಲಿ ವಿದೇಶಿ ತಂಡಗಳಿಗೆ ಜನಸಾಗರ ನೆರೆಯಿತು. ಊರಿನ ತಂಡಗಳ ಪಾಲಿಗೆ ಹೆಚ್ಚಾಗಿ ಉಳಿದದ್ದು ಪಬ್ಬುಗಳು ಮತ್ತು ಕಾಲೇಜು ಉತ್ಸವಗಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇಲ್ಲಿಯೂ ಸುಳ್ಳಾಗಲಿಲ್ಲ.

ಬೇರೆಡೆ ಇದರ ಬೆಲೆ ಇನ್ನೂ ದೊಡ್ಡದು. ಝಿರ್ಯಾಬ್ ಬೆಳೆದ ಅದೇ ಬಗ್ದಾದಿನಲ್ಲಿ 2001ರಲ್ಲಿ ‘ಅಕ್ರಾಸಿಕೌಡ’ ಎಂಬ ತಂಡ ಹುಟ್ಟಿತು. ಅದು ಕರಿ ಚೇಳಿನ ಶಾಸ್ತ್ರೀಯ ಹೆಸರಿನಿಂದ ಬಂದದ್ದು. ಕಛೇರಿಗೆ ಅನುಮತಿ ಪಡೆಯಲು ಅವರು ಸದ್ದಾಂ ಹುಸೇನರನ್ನು ಹೊಗಳುವ ಹಾಡೊಂದನ್ನು ಕಟ್ಟಬೇಕಾಯಿತು. ಸದ್ದಾಂ ಹೋದ ಮೇಲೆ ಅಮೆರಿಕದ ಆಕ್ರಮಣ ತಂದ ಅರಾಜಕತೆಯಲ್ಲಿ ಬೆದರಿಕೆಗಳು ಬಂದವು, ತಾಲೀಮಿನ ಜಾಗ ಬಾಂಬಿಗೆ ಬಲಿಯಾಯಿತು. ಸಿರಿಯಾ, ಟರ್ಕಿ ದಾಟಿ ಕೊನೆಗೆ ನಿರಾಶ್ರಿತರಾಗಿ ಅವರು ಅಮೆರಿಕ ಸೇರಿದರು. 2015ರಲ್ಲಿ ತಂದ ಆಲ್ಬಂಗೆ ಅವರಿಟ್ಟ ಹೆಸರು ‘ಗಿಲ್ಗಮೆಶ್’, ಅಂದರೆ ತಾವು ಬಿಟ್ಟು ಬಂದ ನೆಲದ ಪ್ರಾಚೀನ ವೀರನದು.

ಇಂಡೊನೇಷ್ಯದ ಗಾರುತ್ ಪ್ರದೇಶದಲ್ಲಿ ಮದ್ರಸಾ ಶಾಲೆಯಲ್ಲಿ ಓದುತ್ತಿದ್ದ ಮೂವರು ಹಿಜಾಬ್‌ಧಾರಿ ಹುಡುಗಿಯರು 2014ರಲ್ಲಿ ‘ವಾಯ್ಸ್ ಆಫ್ ಬಾಚೆಪ್ರೊತ್’ ಕಟ್ಟಿದರು. ಅವರ ಸುಂಡಾ ಭಾಷೆಯಲ್ಲಿ ‘ಬಾಚೆಪ್ರೊತ್’ ಎಂದರೆ ಗದ್ದಲ. ಜನ ಬೈಯುವ ಮಾತನ್ನೇ ಹೆಸರಾಗಿ ಧರಿಸುವುದರಲ್ಲಿ ಗಾರುತ್‌ಗೂ ಬೆಂಗಳೂರಿಗೂ ಎಂಥ ಸಾಮ್ಯ! ಹಿಜಾಬ್ ಧರಿಸಿ ಇದೆಂಥ ಸಂಗೀತ ಎಂದು ಒಂದು ಕಡೆಯವರು ಗದರಿದರು. ಇಂಥ ಸಂಗೀತ ನುಡಿಸುವವರಿಗೆ ಹಿಜಾಬ್ ಏಕೆ ಎಂದು ಇನ್ನೊಂದು ಕಡೆಯವರು ಅಚ್ಚರಿಪಟ್ಟರು. ಆ ಹುಡುಗಿಯರು ಎರಡನ್ನೂ ಬಿಡಲಿಲ್ಲ. 2022ರ ಅವರ ಒಂದು ಹಾಡಿನ ಶೀರ್ಷಿಕೆಯೇ ಸಂಗೀತ ನುಡಿಸಲು ದೇವರಲ್ಲಿ ಅನುಮತಿ ಬೇಡುವಂಥದ್ದು. 2024ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ನುಡಿಸಿದ ಮೊದಲ ಇಂಡೊನೇಷ್ಯ ತಂಡ ಅವರದಾಯಿತು. ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಹಿಂದಿನಿಂದಲೂ ಭಿನ್ನಮತವಿದೆ. ಆ ಚರ್ಚೆ ನಡೆಯಲಿ. ಆದರೆ ಹಳ್ಳಿಯ ಹೆಣ್ಣುಮಕ್ಕಳನ್ನು ಬೆದರಿಸಿ ಸುಮ್ಮನಿರಿಸುವುದು ಚರ್ಚೆಯಲ್ಲ.

ಹೆವಿ ಮೆಟಲ್ ಎಂದರೆ ಬರೀ ಗದ್ದಲ ಎನ್ನುವವರು ನಮ್ಮ ಕರಾವಳಿಯನ್ನು ಒಮ್ಮೆ ನೆನೆಯಬೇಕು. ಮುರ್ಡೇಶ್ವರದಿಂದ ಹೊನ್ನಾವರದತ್ತ ಹೊರಟರೆ ಗುಣವಂತೆ ಸಿಗುತ್ತದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಯಕ್ಷಗಾನ ಮೇಳದ ಊರದು. ಇಡೀ ರಾತ್ರಿಯ ಆಟದಲ್ಲಿ ಚೆಂಡೆಯ ಪೆಟ್ಟು ಮೈಲಿಗಟ್ಟಲೆ ಕೇಳುತ್ತಿತ್ತು. ಹೊರಗಿನಿಂದ ಬಂದವನ ಕಿವಿಗೆ ಅದೂ ಬರೀ ಸದ್ದೇ. ಇಲ್ಲಿ ಹುಟ್ಟಿ ಬೆಳೆದವರಿಗೆ ಯಾವ ಪೆಟ್ಟಿಗೆ ಯಾವ ವೇಷ ರಂಗಕ್ಕೆ ಬರುತ್ತದೆಂದು ಗೊತ್ತು. ಸದ್ದಿಗೂ ಸಂಗೀತಕ್ಕೂ ನಡುವಿನ ಅಂತರ ಎಷ್ಟೋ ಸಲ ನಮ್ಮ ಪರಿಚಯದ ಅಂತರವಷ್ಟೆ. ಕೆರೆಮನೆಯ ಕಲೆಗೆ ತಲೆಮಾರುಗಳ ವಾರಸುದಾರರು ಸಿಕ್ಕರು, ಶಿವರಾಮ ಹೆಗಡೆಯವರ ಮಗ ಶಂಭು ಹೆಗಡೆಯವರು ಅದನ್ನು ದೇಶದ ಉದ್ದಗಲಕ್ಕೂ ಒಯ್ದರು. ಎಲ್ಲ ಕಲೆಗಳಿಗೂ ಆ ಭಾಗ್ಯವಿಲ್ಲ.

ಇಸ್ಲಾಮಿನ ವಾರಸು ಕಾನೂನಿನಲ್ಲಿ ಒಂದು ಸೊಗಸಾದ ವ್ಯವಸ್ಥೆಯಿದೆ. ವಾರಸುದಾರರಿಲ್ಲದೆ ಸತ್ತವನ ಆಸ್ತಿ ದಿಕ್ಕಿಲ್ಲದೆ ಬಿದ್ದಿರುವಂತಿಲ್ಲ. ಅದು ಬೈತುಲ್‌ಮಾಲ್‌ಗೆ, ಅಂದರೆ ಸಾರ್ವಜನಿಕ ಭಂಡಾರಕ್ಕೆ ಸೇರುತ್ತದೆ. ಯಾರಿಗೂ ಸೇರದ್ದು ಎಲ್ಲರಿಗೂ ಸೇರಿದ್ದು. ಕ್ರಿಪ್ಟೋಸ್ ಮತ್ತು ಬೇವರ್ ಸೀ ತಂಡಗಳ ಸಂಗೀತ ನಮಗೆ ಹಿಡಿಸಬಹುದು, ಹಿಡಿಸದಿರಬಹುದು. ಅದು ಈ ನೆಲದಲ್ಲಿ, ಈ ನೆಲದ ಮಕ್ಕಳು ಬೆವರು ಸುರಿಸಿ ಕಟ್ಟಿದ್ದು. ಅದಕ್ಕೆ ನಮ್ಮ ಸಾಂಸ್ಕೃತಿಕ ಭಂಡಾರದ ದಫ್ತರಿನಲ್ಲಿ ಒಂದು ಸಾಲಿನ ಜಾಗವಾದರೂ ಬೇಡವೇ?